ನಾಗಿ ಕಟ್ಟಿದ ಸುಳ್ಳು ಮುಡಿಪು

ನಾಗಿಯ ಬಂಗಾರವನ್ನು ನುಂಗಲು ಬಂದವನೆಂದು ಇಡೀ ಕೇರಿ ಯಾರ ಮೇಲೆ ಕಣ್ಣಿಟ್ಟು ಕೂತಿತ್ತೋ, ಆ ತುಳಸಿದಾಸ ಆ ಬಂಗಾರವನ್ನು ಒಂದು ದಿನವೂ ಬಿಚ್ಚಿ ನೋಡಿದವನಲ್ಲ. ನುಂಗಲು ಹೊರಟವರು ಕೇರಿಯವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಳ್ಳ ಯಾರೆಂದು ಕೊನೆಯ ತನಕ ಮುಚ್ಚಿಟ್ಟು ಓದುಗರನ್ನು ಕಾಯಿಸುವ ಉಮೇದು ನನಗಿಲ್ಲ. ಇಷ್ಟು ವರ್ಷವಾದರೂ ಆ ಮಂಗಳವಾರ ನೆನಪಾದರೆ ನನಗೆ ಸಿಟ್ಟೇ ಬರುತ್ತದೆ, ಆ ಸಿಟ್ಟು ಇಳಿಯಬಾರದೆಂದೇ ಬರೆಯುತ್ತಿದ್ದೇನೆ.

ನಾಗಿ ಭಾವಿಕೇರಿಯಿಂದ ಸಮುದ್ರದ ಕಡೆಗೆ ಇಳಿದರೆ ಸಿಗುವ ಮೀನುಗಾರರ ಕೇರಿಯವಳು. ಬೆಳಿಗ್ಗೆ ದೋಣಿಗಳು ದಡಕ್ಕೆ ಬಂದ ಹೊತ್ತಿಗೆ ಅಲ್ಲಿರುತ್ತಿದ್ದಳು. ಕೂಗಾಡಿ, ಜಗಳಾಡಿ, ಮೀನು ಕೊಂಡು ಅಂಕೋಲೆಯ ಪೇಟೆಗೆ ಬರುತ್ತಿದ್ದಳು. ಅಲ್ಲಿ ಉಳಿದದ್ದನ್ನು ಅಗಸೂರಿಗೆ ಹೊತ್ತೊಯ್ಯುತ್ತಿದ್ದಳು. ವಾರಕ್ಕೆರಡು ಸಲ ನನ್ನ ಮನೆಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ನೊಗಲಿ ಮೀನಿನ ಪಾಲು ಹಾಕುತ್ತಿದ್ದಳು. ಕಾಲೇಜಿನಲ್ಲಿ ಕಲಿಸಿದವಳೆಂಬ ಕಾರಣಕ್ಕೆ ನನ್ನನ್ನು ‘ಅಕ್ಕೋರೇ’ ಎನ್ನುತ್ತಿದ್ದಳು, ಪ್ರೈಮರಿ ಶಾಲೆಯ ಮಾಸ್ತರಿಣಿಯನ್ನು ಕರೆದ ಹಾಗೆ.

ಅವಳ ಗಂಡ ಹೊನ್ನ ಸಮುದ್ರದಲ್ಲಿ ಸತ್ತಿದ್ದರೆ ಪೇಪರಿನಲ್ಲಿ ಬರುತ್ತಿತ್ತು, ಸರಕಾರ ಏನಾದರೂ ಕೊಡುತ್ತಿತ್ತು. ಅವನು ಕಾಮಾಲೆ ಹಿಡಿದು ಮನೆಯ ಚಾಪೆಯ ಮೇಲೆ ಸತ್ತ. ಮಗಳು ಪ್ರಗತಿ ಆಗ ಅಂಬೆಗಾಲಿಡುವ ಕೂಸು. ಅವನು ಬಿಟ್ಟುಹೋದದ್ದು ಒಂದು ಹಂಚಿನ ಮನೆ ಮತ್ತು ಒಂದು ಪಾತಿ. ಪಾತಿಯೆಂದರೆ ಮರದ ಸಣ್ಣ ದೋಣಿ. ನಾಗಿಯ ತವರಿನ ಬಳೆ ಮಾರಿ ಮಾಡಿಸಿದ್ದು. ಹೆಂಗಸು ದೋಣಿ ಹತ್ತುವ ರೂಢಿ ಆ ಕೇರಿಯಲ್ಲಿಲ್ಲ. ಹದಿಮೂರನೆಯ ದಿನ ಹೊನ್ನನ ತಮ್ಮ ರಾಜೀವ ಎಲ್ಲರನ್ನೂ ಕೇರಿಯ ಅಮ್ಮನ ಗುಡಿಗೆ ಕರೆದೊಯ್ದು, ಹೊಸ್ತಿಲು ಮುಟ್ಟಿ ಹೇಳಿದ:

“ಅಮ್ಮನ ಮೇಲಾಣೆ ಅತ್ಗೆ, ಈ ದೋಣಿ ಪ್ರಗತಿದು. ಅವ್ಳು ದೊಡ್ಡವ್ಳಾಗೂ ತನಕ ನಾ ಕಾಯ್ತೆ, ಅಷ್ಟೆ.”

ಪ್ರಗತಿ ದೊಡ್ಡವಳಾದಳು, ನರ್ಸಿಂಗ್ ಕಲಿತಳು, ಕಾರವಾರದಲ್ಲಿ ಕೆಲಸಕ್ಕೆ ಸೇರಿದಳು. ರಾಜೀವ ದೋಣಿಗೆ ಇಂಜಿನ್ ಕೂರಿಸಿದ, ನೀಲಿ ಬಣ್ಣ ಹೊಡೆದ, ಇನ್ನೂ ಕಾಯುತ್ತಲೇ ಇದ್ದ. ಹೀಗೆ ಕಾಯುವವರ ಕೈಯಿಂದ ವಾಪಸು ಬಂದ ವಸ್ತುವೊಂದನ್ನು ನಾನು ಈ ಕರಾವಳಿಯಲ್ಲಿ ಇನ್ನೂ ನೋಡಬೇಕಾಗಿದೆ.

ನಾಗಿ ದೋಣಿಯ ಆಸೆ ಬಿಟ್ಟು ಬುಟ್ಟಿ ಹೊತ್ತಳು. ಬಂಗಡೆ ಚೆನ್ನಾಗಿ ಬಿದ್ದ ವರ್ಷ ಮಳೆಗಾಲಕ್ಕೆ ಮೊದಲು ಅಂಕೋಲೆಯ ಅಕ್ಕಸಾಲಿಗನ ಹತ್ತಿರ ಹೋಗಿ ಏನಾದರೊಂದು ಮಾಡಿಸುತ್ತಿದ್ದಳು. ದಪ್ಪನೆಯ ಪಾಟಲಿ ಬಳೆಗಳು, ಒಂದು ಅವಲಕ್ಕಿ ಸರ, ಕಿವಿಯದ್ದು. ಯಾವುದನ್ನೂ ಹಾಕಿಕೊಳ್ಳಲಿಲ್ಲ. ಅಕ್ಕಿ ಡಬ್ಬದ ತಳದಲ್ಲಿ ಹುಗಿದಿಟ್ಟಳು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ತಲೆಯ ಮೇಲಿನ ಸಿಂಬಿ ತೆಗೆದು ನೆತ್ತಿ ತೋರಿಸಿದಳು. ಅಲ್ಲಿ ಕೂದಲು ಉದುರಿ ಬೋಳಾಗಿತ್ತು.

“ಈ ತಲೆ ಒಂದಿನ ಸೋಲ್ತದೆ ಅಕ್ಕೋರೇ. ಆವತ್ತಿಗೆ ಅದು.”

ಪಿಂಚಣಿ ಎಂದರೆ ಇದೇ. ಅರ್ಥಶಾಸ್ತ್ರದ ದಪ್ಪ ಪುಸ್ತಕಗಳೂ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ತುಳಸಿದಾಸ ಕದ್ವಾಡದವನು, ಕೊಂಕಣಿ ಮಾತಿನವನು. ಕಾರವಾರದಿಂದ ಐಸು ತುಂಬಿಕೊಂಡು ದಡದ ಕೇರಿಗಳಿಗೆ ಹಂಚುವ ಒಂದು ಹಳೆಯ ಟೆಂಪೋ ಅವನದು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ, ಇದ್ದದ್ದು ಅಣ್ಣನ ಮನೆಯ ಒಂದು ಕೋಣೆ. ಮೀನಿನ ಬುಟ್ಟಿ ಕಂಡರೆ ಬಸ್ಸಿನವರು ಬೆಲ್ ಹೊಡೆದು ಮುಂದೆ ಹೋಗುತ್ತಿದ್ದ ರಸ್ತೆಯಲ್ಲಿ ಇವನು ಗಾಡಿ ನಿಲ್ಲಿಸಿ, ಇಳಿದು ಬಂದು, ಬುಟ್ಟಿಗೆ ಕೈ ಕೊಡುತ್ತಿದ್ದ. ಕೆಲವು ವರ್ಷ ಹೀಗೇ ನಡೆಯಿತು. ಎರಡು ಸಾವಿರದ ಐದರ ಮಳೆಗಾಲದಲ್ಲಿ, ಮೀನುಗಾರಿಕೆ ನಿಂತು ಐಸಿನ ಕೆಲಸವೂ ನಿಂತಾಗ, ಅವನು ಒಂದು ತಗಡಿನ ಪೆಟ್ಟಿಗೆ, ಒಂದು ರೇಡಿಯೋ ಹಿಡಿದು ನಾಗಿಯ ಮನೆಗೆ ಬಂದ. ಗುಡಿಯಲ್ಲಿ ಕಾಯಿ ಒಡೆದು, ಹಿರಿಯರಿಗೆ ಎಲೆಯಡಿಕೆ ಕೊಟ್ಟು ಕೂಡಿಕೆ ಮಾಡಿಕೊಂಡರು. ಗಂಡ ಸತ್ತವಳಿಗೂ ಹೆಂಡತಿ ಸತ್ತವನಿಗೂ ಆ ಕೇರಿ ಕೊಡುವ ಮದುವೆ ಅಷ್ಟೇ.

ರಾಜೀವನಿಗೆ ಅದೂ ಸರಿಬರಲಿಲ್ಲ. “ಕೂಡಿಕೆ ಆಗೂದಾದ್ರೆ ನೀನು ಅವ್ನ ಮನೆಗೆ ಹೋಗ್ಬೇಕು ಅತ್ಗೆ. ಗಂಡಸು ಪೆಟ್ಗೆ ಹೊತ್ಕಂಡು ಹೆಂಗಸಿನ ಮನೆಗೆ ಬರೂದು ಎಲ್ಲಾದ್ರೂ ಅದ್ಯಾ?”

“ನಾ ಕದ್ವಾಡಕ್ಕೆ ಹೋದ್ರೆ ಈ ಮನೆ ಯಾರು ಕಾಯ್ತಾರೆ?” ಎಂದಳು ನಾಗಿ. “ನೀನಾ?”

ಸುತ್ತ ನಿಂತವರು ನಕ್ಕರು. ರಾಜೀವ ಆ ನಗೆಯನ್ನು ಮರೆಯಲಿಲ್ಲ.

ನಲ್ಲಿಯ ಹತ್ತಿರದ ಹೆಂಗಸರೂ ಸುಮ್ಮನಿರಲಿಲ್ಲ. “ನಾಗಕ್ಕಾ, ಐಸಿನಂವ ಮನೆಗೇ ಬಂದ್ನಂತೆ. ತಂಪಾಯ್ತಾ?” ಎಂದಳು ಒಬ್ಬಳು. “ಐಸಲ್ವಾ, ನೋಡ್ಕಣೇ. ಕರಗಿ ಹೋಗುವಾಗ ಡಬ್ಬದಲ್ಲಿದ್ದದ್ದೂ ಹೊತ್ಕಂಡು ಹೋದಾನು,” ಎಂದಳು ಇನ್ನೊಬ್ಬಳು. ಹಾಸ್ಯ ಮಾಡಿದರೋ ಎಚ್ಚರಿಸಿದರೋ, ಎರಡನೆಯ ಮಾತು ನಾಗಿಯ ಹೊಟ್ಟೆಯಲ್ಲಿ ಉಳಿಯಿತು.

ಆ ವಾರ ನನ್ನ ಮೆಟ್ಟಿಲ ಮೇಲೆ ಕೂತು ಒಣ ಸೆಟ್ಲಿ ಸೀಗಡಿ ಅಳೆಯುತ್ತ ಅಂದಳು: “ಅಕ್ಕೋರೇ, ಒಂದು ಕೇಳ್ತೆ. ಬೈಬೇಡಿ.”

“ಬೈಯುವಂಥದ್ದಾದರೆ ಬೈಯುತ್ತೇನೆ. ಕೇಳು.”

“ಅಂವ ಒಳ್ಳೆಯಂವ. ಆದ್ರೆ ರಾಜೀವನೂ ಒಳ್ಳೆಯಂವನೇ ಇದ್ದಿದ್ದ, ದೋಣಿ ಕೈಗೆ ಸಿಗೂ ತನಕ. ಮನೆ ಒಳಗೆ ಬಂದಂವನಿಂದ ಬಂಗಾರ ಹೇಗೆ ಉಳ್ಸ್ಕಣೂದು?”

ಕೇಳಬೇಕಾದ ಪ್ರಶ್ನೆಯೇ. ಅದನ್ನು ಕೇಳಲು ನಾಚಿಕೆಪಡುವ ವಿದ್ಯಾವಂತ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮದುವೆಯಾದ ವಾರದಲ್ಲೇ ಸಂಬಳದ ಪಾಸ್‌ಬುಕ್ಕನ್ನು ಗಂಡನ ಕೈಗೆ ಕೊಟ್ಟು, ಆಮೇಲೆ ರವಿಕೆಯ ಬಟ್ಟೆಗೂ ಅವನ ಮುಖ ನೋಡಿದವರು. ಪ್ರೀತಿಯಿದ್ದ ಕಡೆ ಲೆಕ್ಕ ಇರಬಾರದು ಎಂದು ಅವರಿಗೆ ಯಾರು ಕಲಿಸಿದರೋ ಅವರಿಗೇ ಅದರಿಂದ ಲಾಭ. ನಾಗಿಗೆ ನಾನು ನೇರವಾಗಿ ಹೇಳಿದೆ: ಬಂಗಾರವನ್ನು ಬ್ಯಾಂಕಿನ ಲಾಕರಿನಲ್ಲಿಡು, ನಿನ್ನ ಹೆಸರು ಮತ್ತು ಪ್ರಗತಿಯ ಹೆಸರು. ಮನೆ ನಿನ್ನ ಹೆಸರಿನಲ್ಲೇ ಇರಲಿ, ಒಂದು ಮೃತ್ಯುಪತ್ರ ಮಾಡಿಸು. ಅವನ ಗಾಡಿಯ ಸಾಲಕ್ಕೆ ಹೆಬ್ಬೆಟ್ಟು ಒತ್ತಬೇಡ. ಅಕ್ಕಿ ಬೇಳೆಯ ಖರ್ಚು ಇಬ್ಬರೂ ಹಾಕಿ. ಮತ್ತು ಇದೆಲ್ಲವನ್ನೂ ಅವನಿಗೆ ಎದುರು ಕೂರಿಸಿ ಹೇಳು.

ಅವಳು ಕೊನೆಯ ಮಾತಿಗೆ ಅಳೆಯುವುದನ್ನು ನಿಲ್ಲಿಸಿದಳು. “ಮುಖ ನೋಡಿ ‘ನಿನ್ನ ನಂಬೂದಿಲ್ಲ’ ಹೇಳೂದಾ?”

“ಹಾಗಲ್ಲ. ‘ಇದು ನನ್ನದು, ಅದು ನಿನ್ನದು’ ಎಂದು ಹೇಳುವುದು.”

“ಹೇಳೂವ್ರಿಗೆ ಎರಡು ಬೇರೆ ಅಕ್ಕೋರೇ. ಕೇಳೂವ್ರಿಗೆ ಎರಡೂ ಒಂದೇ.” ಸೆಟ್ಲಿಯ ಮೇಲೆ ಇನ್ನೊಂದು ಹಿಡಿ ಸುರಿದು ನಕ್ಕಳು. “ಅದೂ ಅಲ್ದೆ ಅಂಕೋಲೆಗೆ ನಾ ಬರೂದೇ ಅವ್ನ ಟೆಂಪೋದಲ್ಲಿ. ‘ಬ್ಯಾಂಕಿನ ಬಾಗಿಲಲ್ಲಿ ಇಳ್ಸು, ನಿನ್ನಿಂದ ಬಂಗಾರ ಅಡಗ್ಸಿಡ್ಬೇಕು’ ಅಂತ ಅವ್ನಿಗೇ ಹೇಳ್ಲಾ?”

ಮುಂದಿನ ವಾರ ಬಂದಾಗ ಅವಳ ಮುಖದಲ್ಲಿ ಗೆದ್ದ ಕಳೆ. ಉಪಾಯ ಸಿಕ್ಕಿತ್ತು. ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದಾಗ ದೇವರಿಗೆ ಹೇಳಿಕೊಂಡು, ದುಡ್ಡೋ ಒಡವೆಯೋ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಎತ್ತಿಡುತ್ತಾರೆ. ಅದು ಮುಡಿಪು. ಗುಡಿಗೆ ಒಪ್ಪಿಸುವ ತನಕ ಅದನ್ನು ಯಾರೂ ಬಿಚ್ಚುವುದಿಲ್ಲ, ಮೈಲಿಗೆಯಲ್ಲಿ ಮುಟ್ಟುವುದಿಲ್ಲ. ನಾಗಿ ತನ್ನ ಬಂಗಾರವನ್ನೆಲ್ಲ ಅರಿಶಿನದ ಬಟ್ಟೆಯಲ್ಲಿ ಅಡಿಕೆಯ ಜೊತೆ ಕಟ್ಟಿ, ಒಳಕೋಣೆಯ ಜಂತಿಗೆ ನೇತುಹಾಕಿದ್ದಳು. ಪ್ರಗತಿ ಸಣ್ಣವಳಿದ್ದಾಗ ಜ್ವರ ಬಂದಿತ್ತು, ಅಮ್ಮನಿಗೆ ಹರಕೆ ಹೊತ್ತಿದ್ದೆ, ಇನ್ನೂ ಒಪ್ಪಿಸಿಲ್ಲ ಎಂದು ತುಳಸಿದಾಸನಿಗೆ ಹೇಳಿದ್ದಳು. ಅವನು ಒಳ್ಳೆಯದು ಎಂಬರ್ಥದಲ್ಲಿ “ಬರೆಂ, ಬರೆಂ” ಎಂದು ತಲೆಯಾಡಿಸಿ, ಚಪ್ಪಲಿ ಬಿಟ್ಟು, ಜಂತಿಗೆ ಕೈಮುಗಿದನಂತೆ. ಅವಳಿಗೆ ಅವನೆದುರು ಅಪನಂಬಿಕೆಯ ಒಂದು ಮಾತೂ ಹೇಳಬೇಕಾಗಿ ಬರಲಿಲ್ಲ.

“ಹೇಗೆ?” ಎಂದಳು.

“ಮೂರ್ಖತನ,” ಎಂದೆ. “ದೇವರನ್ನು ಬೀಗ ಮಾಡಿಕೊಂಡಿದ್ದೀಯಲ್ಲ, ಆ ಬೀಗದ ಕೈ ಗುಡಿಯ ಕಮಿಟಿಯ ಹತ್ತಿರ ಇರುತ್ತದೆ. ಕಮಿಟಿಯ ಅಧ್ಯಕ್ಷ ಯಾರು?”

“ರಾಜೀವ. ಅವ್ನಿಗೆ ಯಾರು ಹೇಳ್ತಾರೆ?”

ಹೇಳಿದವನು ತುಳಸಿದಾಸನೇ. ಇದು ಈ ಕಥೆಯ ಅತ್ಯಂತ ಅಸಹ್ಯವಾದ ಭಾಗ, ಯಾಕೆಂದರೆ ಅವನು ಭಕ್ತಿಯಿಂದ ಹೇಳಿದ.

ಅವನು ಆ ಮನೆಯಲ್ಲಿ ಹೇಗಿದ್ದನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಸೋರುವ ಹಂಚು ತಿರುವಿದ, ಬಚ್ಚಲಿಗೆ ಸಿಮೆಂಟು ಹಾಕಿದ, ನಾಗಿ ದಡದಿಂದ ಬರುವಷ್ಟರಲ್ಲಿ ಗಂಜಿ ಬೇಯಿಸಿಡುತ್ತಿದ್ದ. ಮರುವರ್ಷ ಟೆಂಪೋದ ಇಂಜಿನ್ ಕೈಕೊಟ್ಟಿತು. ವಾರಗಟ್ಟಲೆ ಗಾಡಿ ಅಂಗಳದಲ್ಲಿ ನಿಂತಿತು. ಅವನು ಕೈಗಡಿಯಾರ ಮಾರಿದ, ಅಣ್ಣನ ಹಿತ್ತಿಲಿನಲ್ಲಿ ತನ್ನ ಪಾಲಿಗಿದ್ದ ತೆಂಗಿನ ಮರಗಳನ್ನು ಅಣ್ಣನಿಗೇ ಬಿಟ್ಟುಕೊಟ್ಟು ರಿಪೇರಿ ಮಾಡಿಸಿದ. ತಲೆಯ ಮೇಲೆ ಜಂತಿಯಲ್ಲಿ ಅಷ್ಟು ಬಂಗಾರ ತೂಗುತ್ತಿತ್ತು. ಅವನು ಅದರ ಕಡೆ ನೋಡಿದ್ದು ಕೈಮುಗಿಯಲು ಮಾತ್ರ. ನಾಗಿ ನನ್ನ ಹತ್ತಿರ ಹೇಳಿಕೊಂಡಳು: “ಒಂದು ಪಾಟಲಿ ತೆಗ್ದು ಕೊಡ್ವಾ ಅಂತ ಬಾಯಿ ತನಕ ಬಂತು ಅಕ್ಕೋರೇ. ಅಮ್ಮಂದು ಅಂತ ಹೇಳಿ ಆದ್ಮೇಲೆ ಹೇಗೆ ತೆಗೆಯೂದು?” ಸುಳ್ಳು ಅವಳ ಬಂಗಾರವನ್ನು ಅವನಿಂದ ಮಾತ್ರ ದೂರ ಇಟ್ಟಿರಲಿಲ್ಲ. ಅವಳ ಕೈಗೂ ಅದು ಸಿಗದಂತೆ ಮಾಡಿತ್ತು.

ಗಾಡಿ ಮತ್ತೆ ಓಡತೊಡಗಿದ ಮೇಲೆ ಅವನು ಅಮಾವಾಸ್ಯೆ ಬಂದಾಗಲೆಲ್ಲ ಸ್ನಾನ ಮಾಡಿ, ಮುಡಿಪಿನ ಹೊರಮಡಿಕೆಯಲ್ಲಿ ಒಂದೊಂದು ನಾಣ್ಯ ಸಿಕ್ಕಿಸತೊಡಗಿದ. ಚಹದಂಗಡಿಯಲ್ಲಿ ಹೆಮ್ಮೆಯಿಂದ ಅಂದ: “ನಮ್ಮನೇಲಿ ಅಮ್ಮನ ಮುಡಿಪು ಅದೆ. ಕೈಯಲ್ಲಿ ಎತ್ತಿದ್ರೆ ಗೊತ್ತಾತದೆ, ಸಣ್ಣದಲ್ಲ. ಅದ್ರ ಪುಣ್ಯ, ನನ್ನ ಗಾಡಿ ಓಡ್ತದೆ.”

ಸಣ್ಣದಲ್ಲ ಎಂಬ ಮಾತು ರಾಜೀವನ ಕಿವಿಗೆ ಹೋಗಲು ಎಷ್ಟು ಹೊತ್ತು ಬೇಕು? ಗುಡಿಯ ಹಂಚು ತೆಗೆದು ಸ್ಲ್ಯಾಬ್ ಹಾಕಿಸುವ ಉತ್ಸಾಹದಲ್ಲಿದ್ದ ಅವನು. ಮಳೆಗೆ ಮೊದಲು ಕೆಲಸ ಮುಗಿಯಬೇಕಿತ್ತು, ಶಿಲೆಯ ಮೇಲೆ ಅವನ ಹೆಸರು ಕೆತ್ತಬೇಕಿತ್ತು, ಚಂದಾ ಸಾಲುತ್ತಿರಲಿಲ್ಲ. ಎರಡು ಸಾವಿರದ ಏಳರ ಬೇಸಿಗೆಯ ಒಂದು ಬೆಳಿಗ್ಗೆ ಕಮಿಟಿಯ ನಾಲ್ಕು ಜನರನ್ನೂ, ಗುಡಿಯ ಪೂಜಾರಿ ಸೋಮ ಗುನಗನನ್ನೂ ಕಟ್ಟಿಕೊಂಡು ನಾಗಿಯ ಅಂಗಳಕ್ಕೆ ಬಂದ.

“ಅತ್ಗೆ, ಹರಕೆ ಹೊತ್ತು ಎಷ್ಟು ವರ್ಷ ಆಯ್ತು? ಅಮ್ಮಂಗೆ ಮರ್ತು ಹೋತದೆ ಅಂತ ತಿಳ್ಕಂಡ್ಯಾ?”

“ಒಪ್ಸ್ತೆ. ನಂಗೆ ಆದಾಗ.”

“ನಿಂಗೆ ಆದಾಗಲ್ಲ. ಕೂಡಿಕೆ ಗಂಡಸು ಮಲಗೂ ಮನೇಲಿ ಅಮ್ಮನ ವಸ್ತು ತೂಗೂದು ಸಮ ಅಲ್ಲ. ಬರೂ ಮಂಗಳವಾರ ಗುಡಿಗೆ ತಂದು ಬಿಚ್ಚು. ತರೂದಿಲ್ಲ ಅಂದ್ರೆ ಪ್ರಸಾದ ಕೇಳ್ವಾ. ಅಮ್ಮ ಹೇಳ್ದಂಗೆ ನಡೀಲಿ.”

ಪ್ರಸಾದ ಕೇಳುವುದೆಂದರೆ ದೇವಿಯ ಮೈಮೇಲೆ ಎಡಕ್ಕೂ ಬಲಕ್ಕೂ ಹೂವಿನ ದಳಗಳನ್ನು ನೀರು ಮುಟ್ಟಿಸಿ ಅಂಟಿಸುತ್ತಾರೆ. ಬಲದ ದಳ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಯಾವ ದಳಕ್ಕೆ ಎಷ್ಟು ನೀರು ಮುಟ್ಟಿಸಿದರು ಎಂದು ಯಾರೂ ಕೇಳುವುದಿಲ್ಲ. ಸೋಮ ಗುನಗ ಮೋಸಗಾರನೆಂದು ನಾನು ಹೇಳುತ್ತಿಲ್ಲ. ಆದರೆ ಅವನ ಸಂಬಳ ಕೊಡುವುದು ಕಮಿಟಿ.

ತುಳಸಿದಾಸ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಬಂದವರು ಹೋದ ಮೇಲೆ ಅಂದ: “ಕೊಟ್ಟುಬಿಡ್ವಾ ನಾಗಿ. ಅಮ್ಮಂದು ಅಮ್ಮಂಗೆ. ನಾನೇ ತಲೆ ಮೇಲೆ ಹೊತ್ಕಂಡು ಬತ್ತೆ.”

ಅವತ್ತು ಮಧ್ಯಾಹ್ನ ನಾಗಿ ಬುಟ್ಟಿಯಿಲ್ಲದೆ ನನ್ನ ಮನೆಗೆ ಬಂದಳು. ಬುಟ್ಟಿಯಿಲ್ಲದ ನಾಗಿಯನ್ನು ನಾನು ನೋಡಿದ್ದು ಅದೇ ಮೊದಲು. ಹೇಳಿದ್ದನ್ನೆಲ್ಲ ಕೇಳಿ ನಾನು ಕೂಗಿದೆ. ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಕೂಗಿದೆ.

“ಯಾರೂ ನಿನ್ನ ಮನೆಯಿಂದ ಒಂದು ಗುಲಗಂಜಿ ಬಂಗಾರ ಒಯ್ಯುವ ಹಾಗಿಲ್ಲ. ಹರಕೆಯಲ್ಲ ಎಂದು ಹೇಳು, ಮುಗಿಯಿತು. ಒಯ್ಯಲು ಬಂದರೆ ಪೊಲೀಸರಿಗೆ ನಾನು ಬರೆದುಕೊಡುತ್ತೇನೆ.”

“ಹರಕೆ ಅಲ್ಲ ಅಂದ್ರೆ ಎಂತದು ಅಂತ ಅಂವ ಕೇಳೂದಿಲ್ವಾ? ನಿನ್ನಿಂದ ಅಡಗ್ಸುಕೆ ಕಟ್ಟಿದ್ದು ಅಂತ ಅವ್ನಿಗೆ ಹೇಳ್ಬೇಕು. ಅಂವ ಅದಕ್ಕೆ ನಾಣ್ಯ ಹಾಕಿದ್ದ ಅಕ್ಕೋರೇ.”

“ಬಂಗಾರ ಹೋದರೆ ನಿನ್ನ ಮುಪ್ಪಿನ ಆಸರೆ ಹೋಯಿತು. ನಿಜ ಹೇಳಿದರೆ ಹೆಚ್ಚೆಂದರೆ ಒಬ್ಬ ಗಂಡಸು ಹೋಗುತ್ತಾನೆ.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ನಿಮ್ಗೆ ಹೇಳುಕೆ ಸುಲಭ. ನಿಮ್ಗೆ ಪೆನ್ಶನ್ ಅದೆ. ಒಬ್ರೇ ಉಂಡು ರೂಢಿನೂ ಅದೆ.”

ಮಂಗಳವಾರ ನಾನೂ ಹೋದೆ. ಗುಡಿಯೆದುರಿನ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು, ಹೆಂಗಸರು ಮಾವಿನ ನೆರಳಿನಲ್ಲಿ ನಿಂತಿದ್ದರು, ಪ್ರಗತಿ ಕಾರವಾರದಿಂದ ಮೊದಲ ಬಸ್ಸಿಗೇ ಬಂದಿದ್ದಳು. ನಾಗಿ ಮುಡಿಪನ್ನು ತಂದಳು. ತಲೆಯ ಮೇಲೆ, ತೊಳೆದ ಮೀನಿನ ಬುಟ್ಟಿಯಲ್ಲಿ. ತುಳಸಿದಾಸ ಹೊಸ ಪಂಚೆ ಉಟ್ಟು ಹಿಂದೆ ಬಂದ.

“ಮೀನಿನ ಬುಟ್ಟೀಲಿ ಅಮ್ಮನ ಮುಡಿಪಾ?” ಎಂದ ರಾಜೀವ.

“ಮೀನಿಂದ ಬಂದದ್ದು, ಮೀನಿನ ಬುಟ್ಟೀಲೇ ಬತ್ತದೆ.”

ಸೋಮ ಗುನಗ ಒಳಗೆ ದಳ ಹಸಿ ಮಾಡುತ್ತಿದ್ದ. ನಾಗಿ ಹೊಸ್ತಿಲಿನ ಈಚೆ ನಿಂತು ಕೂಗಿದಳು: “ಸೋಮಣ್ಣ, ಹೂ ಹಚ್ಬೇಡ. ಅಮ್ಮಂಗೆ ಕೇಳೂದು ಎಂತದೂ ಇಲ್ಲ. ನಾನೇ ಹೇಳ್ತೆ.”

ಆಮೇಲೆ ತಿರುಗಿ ನಿಂತಳು. ಗಂಡಸರ ಕಡೆಗೆ ಅವಳು ನೋಡಲಿಲ್ಲ, ತುಳಸಿದಾಸನ ಮುಖವನ್ನೇ ನೋಡಿದಳು.

“ಇದು ಹರಕೆ ಅಲ್ಲ. ಪ್ರಗತಿಗೆ ಜ್ವರ ಬಂದಾಗ ನಾ ಡಾಕ್ಟ್ರ ಹತ್ರ ಹೋಗಿದ್ದೆ, ಯಾವ ಹರಕೆನೂ ಹೊತ್ತಿರ್ಲಿಲ್ಲ. ಇದು ನಾ ಬುಟ್ಟಿ ಹೊತ್ತು ಮಾಡ್ದ ಬಂಗಾರ. ನೀ ಮನೆಗೆ ಬಂದಾಗ ನಿನ್ನಿಂದ ಉಳ್ಸ್ಕಣುಕೆ ಅಮ್ಮನ ಹೆಸ್ರು ಹೇಳ್ದೆ. ತಪ್ಪು ನಂದು. ತಪ್ಪಿಗೆ ಅಮ್ಮಂಗೆ ಕಾಯಿ ಒಡೀತೆ, ದೀಪದ ಎಣ್ಣೆ ಕೊಡ್ತೆ. ಬಂಗಾರ ಕೊಡೂದಿಲ್ಲ.”

ತುಳಸಿದಾಸ ಪಂಚೆಯ ಅಂಚನ್ನು ಹಿಡಿದು ನಿಂತ. ಮಾವಿನ ನೆರಳಿನಿಂದ ಗುಸುಗುಸು ಎದ್ದಿತು. ರಾಜೀವನ ಮುಖ ಅರಳಿತು. ಹಾಗೆ ಅರಳಿದ್ದನ್ನು ನಾನು ನೋಡಿದೆ. ಅತ್ತಿಗೆಯ ಮಾನ ಹೋದದ್ದು ಅವನಿಗೆ ಬೋನಸ್ಸು.

“ಸುಳ್ಳೇ ಹೇಳಿರು, ಖರೆಯೇ ಹೇಳಿರು,” ಎಂದ, ಸಭೆಗೆಲ್ಲ ಕೇಳುವಂತೆ. “ಅಮ್ಮನ ಹೆಸರು ಹೇಳಿ ಆದ್ಮೇಲೆ ಅದು ಅಮ್ಮಂದು. ಬಾಯಿಂದ ಬಂತು, ಮುಗೀತು. ಏನ್ ಹೇಳ್ತ್ರಿ?”

ಕಟ್ಟೆಯ ಮೇಲಿನ ಹಿರಿಯರು ತಲೆಯಾಡಿಸಿದರು. ಒಬ್ಬಿಬ್ಬರು “ಹೌದು, ಹೌದು” ಎಂದರು. ಅವರಲ್ಲಿ ಒಬ್ಬನೂ ಒಂದು ದಿನ ಬುಟ್ಟಿ ಹೊತ್ತವನಲ್ಲ. ನನಗೆ ಎದ್ದು ಅವರ ಕಪಾಳಕ್ಕೆ ಹೊಡೆಯಬೇಕೆನಿಸಿತು. ನನ್ನ ವಯಸ್ಸಿನವಳಿಗೆ ಅದು ಶೋಭೆಯಲ್ಲ ಎಂಬ ಕಾರಣಕ್ಕೆ ಕೂತಿದ್ದೆ.

“ಮುಗೀತಾ?” ಎಂದಳು ನಾಗಿ. “ಎಲ್ರೂ ಕೇಳಿದ್ರಾ? ಅಮ್ಮನ ಹೆಸ್ರಲ್ಲಿ ಬಾಯಿಂದ ಬಂದದ್ದು ಅಮ್ಮಂದೇ?”

“ಹೌದು ಅಂದೆನಲ್ಲ.”

“ಹಾಂಗಾರೆ ಮೊದ್ಲು ದೋಣಿ ತಾ.”

“ಯಾವ ದೋಣಿ?”

“ಹೊನ್ನನ ದೋಣಿ. ಇದೇ ಹೊಸ್ತಿಲು ಮುಟ್ಟಿ ಅಮ್ಮನ ಮೇಲಾಣೆ ಹಾಕಿದ್ದೆ, ದೋಣಿ ಪ್ರಗತಿದು, ದೊಡ್ಡವ್ಳಾಗೂ ತನಕ ಕಾಯ್ತೆ ಅಂತ. ಇಲ್ಲೇ ನಿಂತವ್ಳೆ, ನೋಡು, ದೊಡ್ಡವ್ಳಾಗಿ. ಅವ್ಳಿಗೆ ಕೊಡ್ಲಿಲ್ಲ. ಅಂದ್ಮೇಲೆ ನೀ ಹೇಳ್ದಂಗೆ ಅದೂ ಅಮ್ಮಂದೇ. ಎಳ್ಕಂಡು ಬಾ. ಇಂಜಿನ್ ಸಮೇತ ಈ ಅಂಗಳಕ್ಕೆ ಬರ್ಲಿ. ದೋಣಿ ಬಂದ ಗಳಿಗೆ ಈ ಗಂಟು ಒಳಗೆ ಹೋತದೆ.”

ಹೆಂಗಸರ ಗುಂಪಿನಲ್ಲಿ ಒಬ್ಬ ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ಹೋಗ್ರಾ ಮಕ್ಳೇ, ಹಗ್ಗ ಹಾಕ್ರಿ! ಅಮ್ಮನ ದೋಣಿ ಎಳೀರಿ!” ದಡದಲ್ಲಿ ಬಲೆ ಎಳೆಯುವಾಗಿನ ಧ್ವನಿಯಲ್ಲಿ ಇನ್ನೊಬ್ಬಳು “ಐಸಾ!” ಎಂದಳು. ನಲ್ಲಿಯ ಹತ್ತಿರ ನಾಗಿಯನ್ನು ಆಡಿಕೊಂಡವರೇ ಅವರು. ಇವತ್ತು ಗಾಳಿ ತಿರುಗಿತ್ತು, ಅಷ್ಟೆ. ಅವರ ನಗೆಗೆ ನಾನು ದೊಡ್ಡ ಬೆಲೆ ಕೊಡುವುದಿಲ್ಲ, ಆದರೆ ಕೆಲಸ ಮಾಡಿತು.

“ಇಂಜಿನ್ ನಂದು!” ಎಂದು ಕಿರುಚಿದ ರಾಜೀವ.

ಹಾಗಾದರೆ ದೋಣಿ ಯಾರದ್ದು ಎಂದು ಯಾರೂ ಕೇಳಬೇಕಾಗಲಿಲ್ಲ. ಕಟ್ಟೆಯ ಮೇಲೆ ‘ಹೌದು, ಹೌದು’ ಎಂದಿದ್ದವರು ಎಲೆಯಡಿಕೆಯ ಕವಳ ಉಗಿಯಲು ಎದ್ದರು. ಸೋಮ ಗುನಗ ಒದ್ದೆ ದಳ ಹಿಡಿದು ಬಾಗಿಲಿಗೆ ಬಂದ. “ನಂಗೆ ಹೊತ್ತಾಯ್ತು. ಹೂ ಹಚ್ಚೂದಾ, ಬಿಡೂದಾ?” ಆಮೇಲೆ ತಾನೇ ದಳಗಳನ್ನು ದೇವಿಯ ಕಾಲಿಗೆ ಹಾಕಿ ಕೈ ಒರೆಸಿಕೊಂಡ.

ನಾಗಿ ಅಲ್ಲೇ ಕೂತು ಗಂಟು ಬಿಚ್ಚಿದಳು. ಹೊರಮಡಿಕೆಯಿಂದ ನಾಣ್ಯಗಳು ಉದುರಿದವು. ಒಂದೊಂದನ್ನೇ ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡು ಎದ್ದು, ಕಾಣಿಕೆ ಡಬ್ಬಕ್ಕೆ ಸುರಿದಳು. “ಇದು ಇವ್ನು ಖರೆಯಾಗಿ ಹಾಕಿದ್ದು. ಇದು ಅಮ್ಮಂದು.” ಪಾಟಲಿ, ಸರ, ಕಿವಿಯದ್ದು, ಎಲ್ಲವನ್ನೂ ಎಲ್ಲರೂ ನೋಡುವ ಹಾಗೆ ಎತ್ತಿ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಪ್ರಗತಿಯ ಕೈಗೆ ಕೊಟ್ಟಳು.

ತುಳಸಿದಾಸ ಗುಡಿಯಾಚೆ ನಿಲ್ಲಿಸಿದ್ದ ಟೆಂಪೋದ ಬಾಗಿಲು ಹಿಡಿದು ನಿಂತಿದ್ದ. ಅವಳು ಹತ್ತಿರ ಹೋದಾಗ ಅಂದ: “ಎರಡು ಮಳೆಗಾಲ ಆ ಗಂಟಿನ ಕೆಳಗೆ ಮಲಗಿದ್ದೆ. ಕಳ್ಳ ಅಂತ ತಿಳ್ಕಂಡೇ ಅನ್ನ ಬಡಿಸ್ದ್ಯಾ?”

“ತಿಳ್ಕಂಡಿರ್ಲಿಲ್ಲ. ಗೊತ್ತಿರ್ಲಿಲ್ಲ.”

ಅವನು ಗಾಡಿ ಹತ್ತಿ ಕದ್ವಾಡಕ್ಕೆ ಹೋದ.

ಅವನ ನೋವು ನ್ಯಾಯವಾದದ್ದೇ. ಆದರೆ ಅವಳ ಎಚ್ಚರವೂ ಅಷ್ಟೇ ನ್ಯಾಯವಾದದ್ದು, ಮತ್ತು ನಾನು ಅದಕ್ಕಾಗಿ ಅವಳ ಪರವಾಗಿ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಒಬ್ಬ ಗಂಡಸು ಒಳ್ಳೆಯವನೆಂದು ಎರಡು ಮಳೆಗಾಲದ ಮೇಲೆ ಗೊತ್ತಾಗಬಹುದು. ಮೊದಲ ದಿನ ಅದು ಯಾರಿಗೂ ಗೊತ್ತಿರುವುದಿಲ್ಲ. ಅವಳ ತಪ್ಪು ಬಂಗಾರ ಕಾಪಾಡಿಕೊಂಡದ್ದಲ್ಲ, ಕಾಪಾಡಿಕೊಳ್ಳುತ್ತಿದ್ದೇನೆ ಎಂದು ಹೇಳಲು ಬಾಯಿ ಬಾರದೆ ದೇವಿಯ ಬಾಯಿಂದ ಹೇಳಿಸಿದ್ದು. ದಡದಲ್ಲಿ ಹತ್ತು ಗಂಡಸರ ಎದುರು ಕೂಗಿ ದರ ಮುರಿಯುವ ಹೆಂಗಸಿಗೆ ಮನೆಯೊಳಗೆ ‘ಇದು ನನ್ನದು’ ಎಂಬ ಒಂದು ಮಾತು ಹೊರಡದ ಹಾಗೆ ಬೆಳೆಸಿದವರು ಯಾರೋ, ನನ್ನ ಸಿಟ್ಟು ಅವರ ಮೇಲೆ.

ಮರುದಿನವೇ ತಾಯಿ ಮಗಳು ಬ್ಯಾಂಕಿಗೆ ಹೋದರು, ಈ ಸಲ ಬಸ್ಸಿನಲ್ಲಿ. ಲಾಕರು ಇಬ್ಬರ ಹೆಸರಿನಲ್ಲಿ. ಆಮೇಲೆ ನಾನು ಗೊತ್ತುಮಾಡಿಕೊಟ್ಟ ವಕೀಲರ ಹತ್ತಿರ ಹೋಗಿ ಮನೆಯ ಬಗ್ಗೆ ಬರೆಸಿದಳು. ಏನು ಬರೆಸಬೇಕೆಂದು ನಾನು ಹೇಳಲು ಹೋದರೆ, “ನಂಗೆ ಗೊತ್ತದೆ, ನೀವು ಸುಮ್ನಿರಿ” ಎಂದಳು.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ನೀರಿಗಿಳಿದವು, ಐಸು ಬೇಕಾಯಿತು. ಒಂದು ಬೆಳಿಗ್ಗೆ ಟೆಂಪೋ ಅವಳ ಮನೆಯೆದುರು ನಿಂತಿತು. ತುಳಸಿದಾಸ ಇಳಿಯಲಿಲ್ಲ, ಇಂಜಿನ್ನೂ ಆರಿಸಲಿಲ್ಲ.

“ಬಂಗಾರ ಎಲ್ಲದೆ?” ಎಂದ.

“ಬ್ಯಾಂಕಲ್ಲಿ. ನಂದು, ಪ್ರಗತಿದು ಹೆಸ್ರಲ್ಲಿ. ಮನೆ ನಾ ಸತ್ಮೇಲೆ ಪ್ರಗತಿಗೆ.”

“ನಂಗೆ?”

“ನೀ ಇರೂ ತನಕ ಈ ಮನೇಲಿ ಇರೂದು. ನಾ ಮೊದ್ಲು ಸತ್ರೂ ಪ್ರಗತಿ ನಿನ್ನ ಹೊರಗೆ ಹಾಕೂ ಹಾಗಿಲ್ಲ, ಅದನ್ನೂ ಬರ್ಸಿದ್ದೆ. ಅಕ್ಕಿ ಅರ್ಧ ನೀನು, ಅರ್ಧ ನಾನು. ಕರೆಂಟ್ ಬಿಲ್ಲು ನಿಂದು, ರೇಡಿಯೋ ನೀನೇ ಕೇಳೂದು. ಗಾಡಿ ನಿಂದು, ನಂಗೆ ಅದ್ರಲ್ಲಿ ಎಂತದೂ ಬೇಡ.”

ಅವನು ಸ್ಟೇರಿಂಗ್ ಮೇಲೆ ಬೆರಳು ಬಡಿದ. “ಬರೆಂ,” ಎಂದ. “ಹೀಂಗೆ ಮೊದ್ಲೇ ಹೇಳಿದ್ರೆ ಆತಿತ್ತಲ್ಲ.” ಇಂಜಿನ್ ಆರಿಸಿದ.

ಇದನ್ನು ನಾಗಿ ನನಗೆ ಹೇಳಿದಾಗ, ಎರಡು ವರ್ಷದ ಹಿಂದೆ ನಾನೂ ಇದನ್ನೇ ಹೇಳಿದ್ದೆನಲ್ಲ ಎಂದೆ. “ನೀವು ಹೇಳೂದು, ಅಂವ ಹೇಳೂದು ಒಂದೇನಾ?” ಎಂದು ನೊಗಲಿಯ ಪಾಲಿನಿಂದ ಒಂದು ಮೀನು ವಾಪಸು ತೆಗೆದಳು.

ಕೇರಿಯಲ್ಲಿ ಇವತ್ತಿಗೂ ತುಳಸಿದಾಸ ಬಂಗಾರಕ್ಕಾಗಿ ಬಂದವನು, ಸಿಗದೆ ಓಡಿದವನು, ಬೇರೆ ದಾರಿಯಿಲ್ಲದೆ ವಾಪಸು ಬಂದವನು. ರಾಜೀವ ಇನ್ನೂ ಕಮಿಟಿಯ ಅಧ್ಯಕ್ಷ. ಸ್ಲ್ಯಾಬ್ ಆಯಿತು, ಶಿಲೆಯಲ್ಲಿ ಅವನ ಹೆಸರಿದೆ. ದೋಣಿ ಪ್ರಗತಿಗೆ ಬರಲಿಲ್ಲ. ಕೋರ್ಟಿಗೆ ಹೋಗು ಎಂದರೆ ಅವಳು ರಜೆ ಸಿಗುವುದಿಲ್ಲ ಎನ್ನುತ್ತಾಳೆ.

ಆದರೆ ಆ ದೋಣಿಯನ್ನು ಈಗ ಯಾರೂ ರಾಜೀವನ ದೋಣಿ ಎನ್ನುವುದಿಲ್ಲ. ಅವನು ನೀಲಿ ಅಳಿಸಿ ಹಸಿರು ಬಣ್ಣ ಹೊಡೆದ. ಅಮ್ಮನ ದೋಣಿಗೆ ಹೊಸ ಸೀರೆ ಬಂತು ಎಂದು ಮಕ್ಕಳು ಕೂಗಿದರು. ಬೆಳಿಗ್ಗೆ ದಡದಲ್ಲಿ ಎಲ್ಲರೂ ನೆರೆದಿರುವಾಗ ನಾಗಿ ಬುಟ್ಟಿ ಹಿಡಿದು ಅದರ ಎದುರು ನಿಲ್ಲುತ್ತಾಳೆ.

“ಅಮ್ಮನ ದೋಣಿಗೆ ಇವತ್ತು ಎಂತ ಬಿತ್ತು, ರಾಜೀವಾ?”

“ತಾರ್ಲೆ,” ಎನ್ನುತ್ತಾನೆ ಅವನು, ಬಲೆಯಿಂದ ತಲೆಯೆತ್ತದೆ.

“ಹಾಂಗಾರೆ ಪ್ರಗತಿ ಪಾಲು ಹಾಕು.”

ಸುತ್ತ ಜನ ಇರುತ್ತಾರೆ. ಅವನು ಬಗ್ಗಿ ಒಂದು ಬೊಗಸೆ ಅಗ್ಗದ ತಾರ್ಲೆ ಮೀನನ್ನು ಅವಳ ಬುಟ್ಟಿಗೆ ಎಸೆಯುತ್ತಾನೆ. ಒಂದು ದೋಣಿಗೆ ಒಂದು ಬೊಗಸೆ ತಾರ್ಲೆ. ಇದನ್ನು ನ್ಯಾಯ ಎನ್ನುವಷ್ಟು ನನಗೆ ಅರಳುಮರಳಾಗಿಲ್ಲ. ನಾಗಿಯೂ ಹಾಗೆನ್ನುವುದಿಲ್ಲ. ಹೆಕ್ಕಿ ನೋಡಿ, ಒಡೆದದ್ದನ್ನು ಅವನ ಕಾಲಬುಡಕ್ಕೇ ವಾಪಸು ಹಾಕಿ, ಒಳ್ಳೆಯದನ್ನು ಇಟ್ಟುಕೊಂಡು, ಮರುದಿನ ಮತ್ತೆ ಹೋಗಿ ಕೇಳುತ್ತಾಳೆ.